ಗಣಿತದ ಮೇಷ್ಟರಿಗೊಂದು ಪೋಸ್ಟ್‌ಡಾಕ್

ನಿವೃತ್ತನಾದ ಮೇಲೂ ನನ್ನನ್ನು ಬಿಡದ ಕೆಲಸವೆಂದರೆ ಶಿಫಾರಸು ಪತ್ರ ಬರೆಯುವುದು. ಡಿಗ್ರಿ ಕಾಲೇಜಿನಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಗಣಿತ ಪಾಠ ಮಾಡಿಕೊಂಡೇ ಪಿಎಚ್‌.ಡಿ. ಮುಗಿಸಿದ ಹಳೆಯ ಶಿಷ್ಯರು ಮೈಸೂರಿನ ನಮ್ಮ ಮನೆಗೆ ಬಂದು, ‘ಸರ್, ಫಾರಿನ್‌ನಲ್ಲಿ ಪೋಸ್ಟ್‌ಡಾಕ್‌ಗೆ ಅಪ್ಲೈ ಮಾಡ್ಬೇಕು ಅಂತಿದ್ದೀನಿ’ ಅನ್ನುತ್ತಾರೆ. ಅವರ ಮನೆಯವರಿಗೆ ಇದು ತಲೆಗೆ ಹತ್ತುವುದಿಲ್ಲ. ಡಾಕ್ಟರೇಟ್ ಆಯಿತಲ್ಲ, ಇನ್ನೂ ಏನು ಓದುವುದು ಎಂದು ಅವರ ಪ್ರಶ್ನೆ. ಪೋಸ್ಟ್‌ಡಾಕ್ ಓದೂ ಅಲ್ಲ, ಡಿಗ್ರಿಯೂ ಅಲ್ಲ. ಒಂದರಿಂದ ಮೂರು ವರ್ಷದ ಮಟ್ಟಿಗೆ ಸಂಬಳ ಕೊಟ್ಟು ಸಂಶೋಧನೆ ಮಾಡಿಸುವ ನೌಕರಿ.

ಪ್ರಯೋಗಶಾಲೆ ಬೇಡ, ರಾಸಾಯನಿಕ ಬೇಡ, ಕಾಗದ ಪೆನ್ನು ಸಾಕು ಅನ್ನುವ ಗಣಿತಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಹೋಗುವುದು ಎರಡಕ್ಕೆ: ಸಮಯ ಮತ್ತು ಸಹವಾಸ. ಯುಜಿಸಿ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಅದರ ಮೇಲೆ ಮೌಲ್ಯಮಾಪನ, ನ್ಯಾಕ್ ಫೈಲು, ಅಡ್ಮಿಷನ್ ಡ್ಯೂಟಿ, ಚುನಾವಣೆ ಬಂದರೆ ಅದೂ ಇದೆ. ಇಷ್ಟೆಲ್ಲದರ ನಡುವೆ ಒಂದು ಪ್ರಮೇಯದ ಬೆನ್ನು ಹತ್ತಿ ಮೂರು ತಿಂಗಳು ಕೂರಲು ಆಗುವುದಿಲ್ಲ. ತಪ್ಪಿದರೆ ‘ಇಲ್ಲಿ ತಪ್ಪಿದೀಯ’ ಎಂದು ಬೋರ್ಡಿನ ಮುಂದೆ ನಿಲ್ಲಿಸಿ ಹೇಳುವವರು ಕಾಲೇಜಿನಲ್ಲಿ ಇರುವುದೇ ಇಲ್ಲ.

ಹೋದ ಮಳೆಗಾಲದಲ್ಲಿ ಹಾಸನದ ಕಡೆಯ ಕಾಲೇಜಿನ ಒಬ್ಬ ಶಿಷ್ಯೆ ತನ್ನ ಬಯೋಡೇಟಾ ತಂದಿದ್ದಳು. ಒಂಬತ್ತು ಪುಟ. ಮೊದಲ ಪುಟದಲ್ಲಿ ಫೋಟೊ, ತಂದೆಯ ಹೆಸರು, ಹುಟ್ಟಿದ ತಾರೀಕು, ಮದುವೆಯಾಗಿದೆಯೇ ಇಲ್ಲವೇ ಎಂಬ ವಿವರ. ಆಮೇಲೆ ಹಾಜರಾದ ಎಲ್ಲ ಕಾರ್ಯಾಗಾರಗಳ ಪಟ್ಟಿ, ಎನ್ನೆಸ್ಸೆಸ್ ಶಿಬಿರ, ಯುವಜನೋತ್ಸವ ಸಮಿತಿ. ಕೊನೆಯಲ್ಲಿ ‘ಮೇಲ್ಕಂಡ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಸಾಲು ಮತ್ತು ಸಹಿ. ಅವಳು ಸಾಧಿಸಿದ ಪ್ರಮೇಯ ಏಳನೆಯ ಪುಟದಲ್ಲಿ, ಅದೂ ಪ್ರಬಂಧದ ಶೀರ್ಷಿಕೆಯಾಗಿ ಮಾತ್ರ.

ಅವಳ ವಿಷಯ ಪಾರ್ಟಿಷನ್. 4 ಅನ್ನು ಕೂಡುವ ಸಂಖ್ಯೆಗಳಾಗಿ ಒಡೆಯಲು ಐದು ದಾರಿಗಳಿವೆ: 4, 3+1, 2+2, 2+1+1, 1+1+1+1. 9ಕ್ಕೆ 30 ದಾರಿ, 14ಕ್ಕೆ 135. ಎಲ್ಲವೂ 5ರಿಂದ ಭಾಗವಾಗುತ್ತವೆ. ಕೊನೆಯಂಕಿ 4 ಅಥವಾ 9 ಇರುವ ಯಾವ ಸಂಖ್ಯೆಗಾದರೂ ಹೀಗೆಯೇ ಎಂದು ತೋರಿಸಿದವನು ರಾಮಾನುಜನ್. ಇಂಥದೇ ನಿಯಮಗಳು ಬೇರೆ ಬಗೆಯ ಪಾರ್ಟಿಷನ್‌ಗಳಿಗೂ ಇವೆಯೇ ಎಂದು ಅವಳು ಹುಡುಕಿದ್ದಾಳೆ, ಒಂದೆರಡು ಕಡೆ ಸೊಗಸಾಗಿ ಸಾಧಿಸಿಯೂ ಇದ್ದಾಳೆ. ‘ಇದನ್ನ ಮೊದಲನೇ ಪುಟಕ್ಕೆ ತಗೊಂಡ್ ಬಾರಮ್ಮ, ಯುವಜನೋತ್ಸವ ತೆಗಿ’ ಅಂದೆ.

ಅವಳು ಮೇಲ್ ಕಳಿಸಿದ್ದು ಇನ್ನೊಂದು ಕಥೆ. ‘ತಮ್ಮ ಗೌರವಾನ್ವಿತ ಸಂಸ್ಥೆಯಲ್ಲಿ ಅವಕಾಶ ಕೊಡಬೇಕಾಗಿ ವಿನಂತಿ’ ಎಂಬ ಧಾಟಿಯ ಒಂದೇ ಇಂಗ್ಲಿಷ್ ಒಕ್ಕಣೆ, ಹೆಸರು ಮಾತ್ರ ಬದಲಿಸಿ ಹತ್ತಾರು ಪ್ರೊಫೆಸರುಗಳಿಗೆ ಹೋಗಿತ್ತು. ಒಬ್ಬರದೂ ಉತ್ತರವಿಲ್ಲ. ಬೇರೆಯದು ಬರೆಸಿದೆ: ನಿಮ್ಮ ಇಂಥ ಪ್ರಬಂಧದ ಕೊನೆಯಲ್ಲಿ ಒಂದು ಪ್ರಶ್ನೆ ಬಿಟ್ಟಿದ್ದೀರಿ, ಅದರ ಒಂದು ವಿಶೇಷ ಸಂದರ್ಭಕ್ಕೆ ನನಗೆ ಉತ್ತರ ಸಿಕ್ಕಿದೆ, ಎರಡು ಪುಟ ಲಗತ್ತಿಸಿದ್ದೇನೆ. ಅಷ್ಟೇ. ಕೆಲಸ ಕೊಡಿ ಎಂಬ ಮಾತೇ ಇಲ್ಲ. ಆ ಪ್ರೊಫೆಸರು ಉತ್ತರ ಬರೆದರು, ಒಂದು ತಪ್ಪು ತೋರಿಸಿದರು, ತಿದ್ದಿ ಕಳಿಸಿದ ಮೇಲೆ ತಮ್ಮ ಆನ್‌ಲೈನ್ ಸೆಮಿನಾರಿನಲ್ಲಿ ಮಾತಾಡಲು ಕರೆದರು. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಅವಳ ಗಣಿತ ಗೊತ್ತಿರುವ ಒಬ್ಬರು ಈಗ ಹೊರಗೆ ಇದ್ದಾರೆ, ಶಿಫಾರಸು ಬರೆಯಲು ಒಪ್ಪಿಯೂ ಇದ್ದಾರೆ. ನನ್ನ ಪ್ರಕಾರ ಅರ್ಧ ದಾರಿ ಸವೆದಿದ್ದು ಇಲ್ಲೇ. ಗಣಿತದ ಆಯ್ಕೆ ಸಮಿತಿಗಳು ಪ್ರಬಂಧಗಳನ್ನು ಎಣಿಸುವುದಕ್ಕಿಂತ ಪತ್ರಗಳನ್ನು ಓದುವುದೇ ಹೆಚ್ಚು. ‘ಶ್ರಮಜೀವಿ, ಸದ್ಗುಣಿ’ ಎಂದು ಗೈಡ್ ಬರೆದುಕೊಟ್ಟ ಪತ್ರಕ್ಕೆ ಅಲ್ಲಿ ಕಾಸಿನ ಬೆಲೆಯಿಲ್ಲ. ಏನು ಸಾಧಿಸಿದಳು, ಅದು ಯಾಕೆ ಕಷ್ಟ, ಅದರಿಂದ ಮುಂದೇನು ತೆರೆಯಿತು ಎಂದು ಬರೆಯಬಲ್ಲವರು ಬೇಕು.

ಹೀಗೆ ಕೆಲಸದ ಮೂಲಕ ಹೊರಗಿನವರ ಪರಿಚಯವಾಗುವುದು ಹೊಸದೇನಲ್ಲ. ರಾಮಾನುಜನ್‌ನ ಎರಡನೆಯ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲಿನ ಸಂಶೋಧನೆಯನ್ನು ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ 1985ರಲ್ಲಿ ಪ್ರಕಟಿಸಿದಾಗ, ಇಲಿನಾಯ್ ವಿಶ್ವವಿದ್ಯಾಲಯದ ಬ್ರೂಸ್ ಬರ್ನ್ಟ್ ಜೊತೆಗೆ ಮೈಸೂರಿನ ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ ಅವರ ಹೆಸರುಗಳಿದ್ದವು. ನಮ್ಮವರೇ ಆದ ಕೆ. ವೆಂಕಟಾಚಲಯ್ಯಂಗಾರ್ಯರು ಬರೆದ ಎಲಿಪ್ಟಿಕ್ ಫಂಕ್ಷನ್‌ಗಳ ಪುಸ್ತಕ 1988ರಲ್ಲಿ ಮಧುರೆಯಲ್ಲಿ ಅಚ್ಚಾಗಿ ಸುಮ್ಮನಿತ್ತು. ನ್ಯೂಜಿಲೆಂಡಿನ ಶಾನ್ ಕೂಪರ್ ಅದನ್ನು ಸಂಪಾದಿಸಿದ ಮೇಲೆ 2012ರಲ್ಲಿ ಮತ್ತೆ ಹೊರಬಂತು. ಕೆಲಸದಲ್ಲಿ ಸತ್ವವಿದ್ದರೆ ದೂರದವರೂ ಹುಡುಕಿಕೊಂಡು ಬರುತ್ತಾರೆ.

ಸತ್ವದ ಮಾತು ಬಂದದ್ದರಿಂದ ಒಂದು ಖಾರದ ಮಾತು. ನಮ್ಮಲ್ಲಿ ಎಷ್ಟೋ ಪಿಎಚ್‌.ಡಿ.ಗಳು ಇನ್ನೊಂದು ಗ್ರಾಫಿಗೆ ಇನ್ನೊಂದು ಇಂಡೆಕ್ಸ್ ಲೆಕ್ಕ ಹಾಕಿ ಮುಗಿಯುತ್ತವೆ. ದುಡ್ಡು ಕಟ್ಟಿದರೆ ತಿಂಗಳೊಳಗೆ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ಬಡ್ತಿಯ ಅಂಕಕ್ಕೆ ಅವು ಆದಾವು, ಪೋಸ್ಟ್‌ಡಾಕ್‌ಗೆ ಆಗವು. ಒಳ್ಳೆಯ ಪತ್ರಿಕೆಯಲ್ಲಿ ಪರಿಶೀಲನೆಗೇ ವರ್ಷ ಹಿಡಿಯಬಹುದು. ಅಲ್ಲಿಯವರೆಗೆ ಆರ್ಕೈವ್‌ನಲ್ಲಿ ಹಾಕಿಡಬೇಕು. 1991ರಿಂದ ನಡೆಯುತ್ತಿರುವ ಈ ಉಚಿತ ಆನ್‌ಲೈನ್ ಸಂಗ್ರಹವನ್ನು ಲೋಕದ ಗಣಿತಜ್ಞರು ಬೆಳಗ್ಗೆ ಪೇಪರ್ ನೋಡಿದ ಹಾಗೆ ನೋಡುತ್ತಾರೆ.

ಇನ್ನು ಅರ್ಜಿ ಎಲ್ಲಿ ಹಾಕುವುದು? ಅಮೆರಿಕದ ಹುದ್ದೆಗಳು ಬಹುತೇಕ ಮ್ಯಾಥ್‌ಜಾಬ್ಸ್ ತಾಣದಲ್ಲಿ ಬರುತ್ತವೆ. ನವೆಂಬರಿನಿಂದ ಜನವರಿಯೊಳಗೆ ಗಡುವು, ಕೆಲಸ ಶುರುವಾಗುವುದು ಮುಂದಿನ ಆಗಸ್ಟ್, ಸೆಪ್ಟೆಂಬರಿಗೆ. ಅಲ್ಲಿ ಹಲವು ಪೋಸ್ಟ್‌ಡಾಕ್‌ಗಳಲ್ಲಿ ಪಾಠವೂ ಮಾಡಬೇಕಾಗುತ್ತದೆ, ಆದ್ದರಿಂದ ಬೋಧನೆಯ ಬಗ್ಗೆ ಪ್ರತ್ಯೇಕ ಟಿಪ್ಪಣಿ, ಪ್ರತ್ಯೇಕ ಪತ್ರ ಕೇಳುತ್ತಾರೆ. ನಮ್ಮ ಮೇಷ್ಟರುಗಳ ಬಲವಿರುವುದು ಇಲ್ಲೇ. ಕನ್ನಡ ಮಾಧ್ಯಮದಿಂದ ಬಂದ ಎಂಬತ್ತು ಮಕ್ಕಳಿಗೆ ಕ್ಯಾಲ್ಕುಲಸ್ ದಾಟಿಸಿದ್ದನ್ನು ಅವರು ಬರೆಯುವುದೇ ಇಲ್ಲ, ಸಂಕೋಚ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು, ಆದರೆ ಕರೆಸಿಕೊಳ್ಳುವ ಪ್ರೊಫೆಸರು ಮೊದಲೇ ಒಪ್ಪಿರಬೇಕು. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ ಇದೆ, ಜಪಾನಿನ ಜೆಎಸ್‌ಪಿಎಸ್ ಇದೆ. ನಲವತ್ತರ ಹತ್ತಿರ ಪಿಎಚ್‌.ಡಿ. ಮುಗಿಸಿದವರು ಕೈಚೆಲ್ಲಬೇಕಿಲ್ಲ. ಇವು ಲೆಕ್ಕ ಹಾಕುವುದು ವಯಸ್ಸನ್ನಲ್ಲ, ಪಿಎಚ್‌.ಡಿ. ಆಗಿ ಎಷ್ಟು ವರ್ಷವಾಯಿತು ಎಂಬುದನ್ನು. ಹಂಬೋಲ್ಟ್‌ನ ಹೊಸಬರ ವಿಭಾಗಕ್ಕೆ 4 ವರ್ಷ, ಜೆಎಸ್‌ಪಿಎಸ್‌ಗೆ 6, ಮೇರಿ ಕ್ಯೂರಿಗೆ 8. ಮಕ್ಕಳನ್ನು ನೋಡಿಕೊಳ್ಳಲು ಬಿಡುವು ಪಡೆದವರಿಗೆ ಹಂಬೋಲ್ಟ್‌ನಲ್ಲೂ ಮೇರಿ ಕ್ಯೂರಿಯಲ್ಲೂ ರಿಯಾಯಿತಿಯಿದೆ. ಪೋಸ್ಟ್‌ಡಾಕ್ ಕೊಡಿಸುತ್ತೇವೆಂದು ದುಡ್ಡು ಕೇಳುವವರು ಸಿಕ್ಕರೆ ನಂಬರ್ ಬ್ಲಾಕ್ ಮಾಡಿ.

ದೊಡ್ಡ ತೊಡಕು ಇರುವುದು ರಜೆಯಲ್ಲಿ. ಎನ್‌ಒಸಿ ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆಫರಿನ ಗಡುವು ಮುಗಿದಿರುತ್ತದೆ. ಖಾಸಗಿ ಕಾಲೇಜಿನಲ್ಲಾದರೆ ರಾಜೀನಾಮೆ ಕೊಟ್ಟು ಹೋಗಿ ಎಂದುಬಿಡುತ್ತಾರೆ. ಎರಡು ವರ್ಷದ ಕೆಲಸಕ್ಕೆ ಕಾಯಂ ನೌಕರಿ ಬಿಡು ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಂಥವರಿಗೆ ಇಟಲಿಯ ಟ್ರಿಯೆಸ್ಟಿನ ಐಸಿಟಿಪಿ ಸೂಚಿಸುತ್ತೇನೆ. ಲಾಹೋರಿನಲ್ಲಿ ಒಬ್ಬಂಟಿಯಾಗಿ ಸಂಶೋಧನೆ ಮಾಡುವ ಕಷ್ಟ ಉಂಡಿದ್ದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರ ಅಸೋಸಿಯೇಟ್ ಯೋಜನೆಯಲ್ಲಿ ನೌಕರಿ ಬಿಡದೆ ಆಗಾಗ ಹೋಗಿ, ಕೆಲವು ವಾರ ಕೂತು ಕೆಲಸ ಮಾಡಿ ಬರಬಹುದು.

ಈ ಸಲ ಅರ್ಜಿ ಹಾಕುವವರಲ್ಲಿ ಒಂದೇ ಕೋರಿಕೆ: ಪತ್ರ ಬರೆಯುವವರಿಗೆ ಆಗಸ್ಟಿನಲ್ಲೇ ಹೇಳಿಡಿ, ನಿಮ್ಮ ಪ್ರಬಂಧಗಳನ್ನೂ ಎರಡು ಪುಟದ ವಿವರವನ್ನೂ ಕಳಿಸಿಡಿ. ನವೆಂಬರ್ ಕೊನೆಗೆ ಫೋನ್ ಮಾಡಿ ‘ಸರ್, ನಾಳೆ ಲಾಸ್ಟ್ ಡೇಟು’ ಅಂದರೆ, ಒಳ್ಳೆಯ ಪತ್ರ ಯಾರಿಂದಲೂ ಬರುವುದಿಲ್ಲ.