ಮೊಡವೆಗೆ ಹಚ್ಚುವ ಮುನ್ನ ಟ್ಯೂಬಿನ ಮೇಲಿನ ಹೆಸರು ಓದಿ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆ ಹುಳುಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ಬಿಟ್ಟರೆ ಸಾಕು, ರೈತರು ತಡಮಾಡದೆ ತಿಳಿದವರನ್ನು ಕೇಳುತ್ತಾರೆ. ಅದೇ ಮನೆಯ ಹದಿಹರೆಯದ ಮಗಳ ಕೆನ್ನೆ ತುಂಬ ಮೊಡವೆ ಎದ್ದರೆ ಮಾತ್ರ ‘ಮೈಯಲ್ಲಿ ಉಷ್ಣ ಜಾಸ್ತಿ, ವಯಸ್ಸಿಗೆ ಬಂದ ಮೇಲೆ ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ಮಗಳು ಸುಮ್ಮನಿರುವುದಿಲ್ಲ. ನಿಂಬೆರಸ, ಟೂತ್‌ಪೇಸ್ಟ್, ಕೊನೆಗೆ ಗೆಳತಿ ಹೇಳಿದ ಯಾವುದೋ ಕ್ರೀಮು.

ಮೊಡವೆಗೆ ಕಾರಣ ಉಷ್ಣವಲ್ಲ. ಹರೆಯದಲ್ಲಿ ಹುಡುಗ, ಹುಡುಗಿ ಇಬ್ಬರಲ್ಲೂ ಆಂಡ್ರೊಜನ್ ಹಾರ್ಮೋನು ಏರುತ್ತದೆ. ಚರ್ಮದ ಎಣ್ಣೆ ಗ್ರಂಥಿಗಳು ಹಿಗ್ಗಿ ಜಿಡ್ಡನ್ನು ಹೆಚ್ಚು ಸುರಿಸುತ್ತವೆ. ಸತ್ತ ಚರ್ಮಕೋಶಗಳು ಉದುರಿಹೋಗದೆ ಆ ಜಿಡ್ಡಿಗೆ ಅಂಟಿಕೊಂಡು ರೋಮರಂಧ್ರದ ಬಾಯಿ ಕಟ್ಟುತ್ತದೆ. ಎಲ್ಲರ ಚರ್ಮದಲ್ಲೂ ಇರುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಬೆಳೆದಾಗ ಉರಿಯೂತ ಶುರುವಾಗಿ ಗುಳ್ಳೆ ಕೆಂಪಾಗುತ್ತದೆ, ಕೀವು ತುಂಬುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕೆಗಳೂ ಕೊಳೆಯಲ್ಲ, ಗಾಳಿ ತಗುಲಿ ಕಪ್ಪಾದ ಜಿಡ್ಡು ಮತ್ತು ಮೆಲನಿನ್. ಸೋಪು ಹಾಕಿ ಉಜ್ಜಿದರೆ ಅವು ಹೋಗುವುದಿಲ್ಲ, ಚರ್ಮ ಕೆರಳುತ್ತದೆ ಅಷ್ಟೆ.

ಅಪ್ಪ ಅಮ್ಮನಿಗೆ ಹೆಚ್ಚು ಮೊಡವೆ ಇದ್ದರೆ ಮಕ್ಕಳಿಗೂ ಬರುವ ಸಂಭವ ಜಾಸ್ತಿ. ತಲೆಗೆ ಎಣ್ಣೆ ಸುರಿದು ಬಿಗಿಯಾಗಿ ಜಡೆ ಹಾಕುವ ಹುಡುಗಿಯರ ಹಣೆಯಲ್ಲಿ, ಕೂದಲಂಚಿನ ಉದ್ದಕ್ಕೂ ಸಣ್ಣ ಗುಳ್ಳೆಗಳ ಸಾಲು ಕಾಣುವುದುಂಟು. ಎಣ್ಣೆ ಹಣೆಗೆ ಇಳಿದು ರಂಧ್ರ ಮುಚ್ಚಿದ್ದರ ಗುರುತು ಅದು. ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲೂ ಬೆಳೆಯುತ್ತಿದ್ದರೆ ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು.

ಮೊಡವೆಗಿಂತ ದೊಡ್ಡ ಅಪಾಯ ಬರುವುದು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟಿರಾಯ್ಡ್ ಕ್ರೀಮಿನಿಂದ. ಹಚ್ಚಿದ ಕೆಲವೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗಾಗುತ್ತದೆ, ಮನೆಯವರೆಲ್ಲ ಮೆಚ್ಚುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಸಿಲು ತಾಗಿದರೆ ಉರಿ. ಬಿಟ್ಟ ಕೂಡಲೇ ಮೊಡವೆ ದುಪ್ಪಟ್ಟಾಗಿ ಮರಳುತ್ತದೆ. ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ದೇಶದ 12 ಕೇಂದ್ರಗಳಲ್ಲಿ ಚರ್ಮವೈದ್ಯರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯಿದ್ದ 2,926 ಜನರ ಪೈಕಿ 433 ಮಂದಿ ಸ್ಟಿರಾಯ್ಡ್ ಕ್ರೀಮು ಬಳಸುತ್ತಿದ್ದರು. ಅವರಲ್ಲಿ 104 ಜನ ಹಚ್ಚುತ್ತಿದ್ದದ್ದು ಮೊಡವೆಗೇ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ನಿಯಮ ಬಂದರೂ ಚೀಟಿಯಿಲ್ಲದೆ ಕೇಳಿದವರಿಗೆ ಟ್ಯೂಬು ಕೊಡುವ ಅಂಗಡಿಗಳು ಇನ್ನೂ ಇರುವುದು ಬೇಸರದ ಸಂಗತಿ.

ಸರಿಯಾದ ಚಿಕಿತ್ಸೆ ದುಬಾರಿಯೇನಲ್ಲ, ನಿಧಾನ. ಸಾಧಾರಣ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್ 2.5% ಜೆಲ್ ಸಾಕು. ಅಡಪಲೀನ್ ಜೆಲ್ ಬಳಸುವುದಾದರೆ ರಾತ್ರಿ ಹೊತ್ತು ಅದನ್ನು ಬಟಾಣಿ ಕಾಳಿನಷ್ಟು ತೆಗೆದು ಗುಳ್ಳೆಯ ಮೇಲಷ್ಟೇ ಅಲ್ಲ, ಮುಖಕ್ಕೆಲ್ಲ ತೆಳುವಾಗಿ ಸವರಬೇಕು. ಮೊದಲ ವಾರಗಳಲ್ಲಿ ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ಎಷ್ಟೋ ಜನ ಔಷಧಿ ಬಿಡುವುದು ಆಗಲೇ. ಫಲ ಕಾಣಲು 8ರಿಂದ 12 ವಾರ ಬೇಕು. ಕೀವು ಗುಳ್ಳೆ ಹೆಚ್ಚಿದ್ದರೆ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಲ ತಿಂಗಳ ಮಟ್ಟಿಗೆ ಬರೆಯುತ್ತಾರೆ. ಅಮೆರಿಕದಲ್ಲಿ 1982ರಲ್ಲಿ ಮಂಜೂರಾದ ಐಸೊಟ್ರೆಟಿನಾಯಿನ್, ಕಲೆ ಉಳಿಸುವ ಗಂಟು ಮೊಡವೆಗೆ ಬಹಳ ಪರಿಣಾಮಕಾರಿ. ಆದರೆ ಗರ್ಭದಲ್ಲಿರುವ ಮಗುವಿಗೆ ಅದು ತೀವ್ರ ಹಾನಿ ಮಾಡುತ್ತದೆ. ಗರ್ಭಿಣಿಯರು ಅಡಪಲೀನ್ ಜೆಲ್ಲನ್ನೂ ಹಚ್ಚಬಾರದು.

ಮನೆಯಲ್ಲಿರುವ ಟ್ಯೂಬನ್ನು ಈಗಲೇ ತಿರುಗಿಸಿ ನೋಡಿ. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್ ಕ್ರೀಮು, ಮೊಡವೆಗೆ ಹಚ್ಚುವ ಔಷಧಿಯಲ್ಲ. ತಿಂಗಳುಗಳಿಂದ ಹಚ್ಚುತ್ತಿದ್ದವರು ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಅದನ್ನು ಹೇಗೆ ಬಿಡಿಸಬೇಕೆಂದು ಅವರು ಹೇಳುತ್ತಾರೆ. ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳ ಚರ್ಮರೋಗ ವಿಭಾಗಕ್ಕೂ ಹೋಗಬಹುದು.