ಬಲವೇ ನ್ಯಾಯವೇ?

ಮಾತನಾಡುವ ಪ್ರಾಣಿಗಳು, ಮಾಯಾವಿಗಳು, ಮಂತ್ರದ ಕತ್ತಿಗಳು ಬರುವ ಕಥೆಗಳಿಗೂ ನಮ್ಮ ಬಾಳಿಗೂ ಏನು ಸಂಬಂಧವೆಂದು ಮೂಗು ಮುರಿಯುವವರುಂಟು. ಅಂಥವರು ಟಿ. ಎಚ್. ವೈಟ್ ಎಂಬ ಇಂಗ್ಲಿಷ್ ಲೇಖಕನ ‘ದಿ ಒನ್ಸ್ ಅಂಡ್ ಫ್ಯೂಚರ್ ಕಿಂಗ್’ ಕಾದಂಬರಿಯನ್ನು ಓದಬೇಕು. ಅದರಲ್ಲಿ ಇವೆಲ್ಲವೂ ಇವೆ; ಇವುಗಳ ನಡುವೆ ಒಂದು ಕಠಿಣವಾದ ಪ್ರಶ್ನೆಯೂ ಇದೆ. ಬಲವುಳ್ಳವನು ಮಾಡಿದ್ದೆಲ್ಲ ನ್ಯಾಯವೇ?

ವೈಟನು ಹುಟ್ಟಿದ್ದು 1906ರಲ್ಲಿ, ನಮ್ಮ ಮುಂಬಯಿಯಲ್ಲಿ. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಉಪಾಧ್ಯಾಯನಾಗಿದ್ದು, ಬಳಿಕ ಬರವಣಿಗೆಗೆ ತನ್ನನ್ನು ಒಪ್ಪಿಸಿಕೊಂಡನು. ಹದಿನೈದನೆಯ ಶತಮಾನದಲ್ಲಿ ಥಾಮಸ್ ಮ್ಯಾಲರಿ ಬರೆದಿಟ್ಟಿದ್ದ ಆರ್ಥರ್ ದೊರೆಯ ಕಥೆಗಳನ್ನು ಅವನು ಹೊಸದಾಗಿ ಹೇಳತೊಡಗಿದನು. ಮೊದಲ ಭಾಗ 1938ರಲ್ಲಿ ಪ್ರಕಟವಾಯಿತು. ಮರುವರ್ಷವೇ ಎರಡನೆಯ ಮಹಾಯುದ್ಧ ಆರಂಭವಾಯಿತು. ನಗುನಗುತ್ತ ಮೊದಲಾದ ಕಥೆಯ ಮೇಲೂ ಅದರ ನೆರಳು ಬಿದ್ದಿತು. ನಾಲ್ಕು ಭಾಗಗಳು ಒಂದೇ ಸಂಪುಟವಾಗಿ ಹೊರಬಂದದ್ದು 1958ರಲ್ಲಿ.

ಬಾಲಕ ಆರ್ಥರನಿಗೆ ತಾನು ರಾಜಪುತ್ರನೆಂಬುದೇ ತಿಳಿಯದು. ಅವನ ಗುರು ಮರ್ಲಿನ್ ಎಂಬ ಮುದುಕ, ಕಾಲದಲ್ಲಿ ಹಿಂದುಹಿಂದಕ್ಕೆ ಬಾಳುತ್ತಿರುವ ಮಾಯಾವಿ. ಶಿಷ್ಯನನ್ನು ಮೀನಾಗಿ, ಹಕ್ಕಿಯಾಗಿ, ಇರುವೆಯಾಗಿ ಮಾರ್ಪಡಿಸುವುದೇ ಅವನ ಪಾಠಕ್ರಮ. ಪರೀಕ್ಷೆಯಾಗಲಿ ಅಂಕಪಟ್ಟಿಯಾಗಲಿ ಇಲ್ಲದ ಈ ಶಾಲೆಯನ್ನು ಕಂಡು, ಬಹುಕಾಲ ಸೀಮೆಸುಣ್ಣ ಹಿಡಿದ ನನ್ನಂಥವರಿಗೆ ಅಸೂಯೆಯಾದರೆ ಆಶ್ಚರ್ಯವಿಲ್ಲ! ಕೋಟೆಯ ಕಂದಕದಲ್ಲಿ ದೊರೆಯಂತೆ ಮೆರೆಯುವ ಮುದಿಮೀನೊಂದು, ಬಲವೊಂದೇ ಸತ್ಯವೆಂದು ಬೋಧಿಸಿ, ಬೋಧನೆ ಮುಗಿಯುತ್ತಲೇ ಹುಡುಗನನ್ನು ನುಂಗಲು ಬರುತ್ತದೆ. ಇರುವೆಗಳ ಗೂಡಿನಲ್ಲಿ ಪ್ರಶ್ನೆ ಕೇಳುವವರೇ ಇಲ್ಲ. ಅಪ್ಪಣೆಯಾದರೆ ಸಾಕು, ಯುದ್ಧಕ್ಕೆ ಎಲ್ಲರೂ ಸಿದ್ಧ. ಬಾನಿನಲ್ಲಿ ಹಾರುವ ಬಾತುಗಳಿಗಾದರೋ ಗಡಿ ಎಂಬುದೇ ಗೊತ್ತಿಲ್ಲ. ತನ್ನ ಜಾತಿಯವರೇ ಪರಸ್ಪರ ಕೊಲ್ಲುವುದೆಂಬ ಮಾತನ್ನು ಕೇಳಿ ಒಂದು ಹೆಣ್ಣುಬಾತು ಬೆಚ್ಚಿಬೀಳುತ್ತದೆ.

ಇಷ್ಟು ಕಲಿತ ಹುಡುಗನೂ ಸಿಂಹಾಸನವೇರಿದ ಮೇಲೆ ತನ್ನ ಮೊದಲ ಗೆಲುವನ್ನು ಆಟವೆಂಬಂತೆ ಕೊಂಡಾಡುತ್ತಾನೆ. ಕಾಲಾಳುಗಳು ಎಷ್ಟು ಮಂದಿ ಸತ್ತರೆಂದು ಮರ್ಲಿನ್ ಕೇಳುತ್ತಾನೆ. ಏಳುನೂರಕ್ಕೂ ಹೆಚ್ಚು. ಕವಚ ತೊಟ್ಟ ಸರದಾರರಲ್ಲಿಯೋ? ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡವನೊಬ್ಬ, ಅಷ್ಟೆ. ಆರ್ಥರನು ನಿಜವಾಗಿ ಬೆಳೆಯತೊಡಗುವುದು ಈ ಲೆಕ್ಕವನ್ನು ಕೇಳಿದಂದಿನಿಂದಲೇ ಎಂದು ನನಗೆ ತೋರುತ್ತದೆ. ಕತ್ತಿಯನ್ನು ಕಲ್ಲಿನಿಂದ ಕಿತ್ತ ದಿನ ಅವನು ಅರಸನಾದನು, ನಿಜ. ಆದರೆ ವಿವೇಕ ಬಂದದ್ದು ಈಗ.

ಬಲವನ್ನು ನ್ಯಾಯದ ಸೇವೆಗೆ ಹಚ್ಚಬೇಕೆಂದು ಅವನು ದುಂಡುಮೇಜಿನ ಸಭೆಯನ್ನು ಕಟ್ಟುತ್ತಾನೆ. ದುಂಡಾದ ಮೇಜಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಮೇಲು ಕೀಳೆಂಬ ಜಗಳಕ್ಕೆ ಎಡೆಯಿಲ್ಲ. ಆದರೆ ದುಷ್ಟರು ಅಡಗಿದೊಡನೆ ಸರದಾರರ ಬಲಕ್ಕೆ ಕೆಲಸವಿಲ್ಲದಂತಾಗುತ್ತದೆ. ಅದನ್ನು ದೈವಿಕವಾದ ಅನ್ವೇಷಣೆಗೆ ತಿರುಗಿಸಿದರೆ ಉತ್ತಮರು ಮರಳಿ ಬರುವುದಿಲ್ಲ. ಕೊನೆಗೆ, ಎಲ್ಲರಿಗೂ ಸಮಾನವಾದ ಕಾನೂನೇ ದಾರಿಯೆಂದು ಆರ್ಥರನು ನಿರ್ಧರಿಸುತ್ತಾನೆ. ಆ ಕಾನೂನು ಮೊದಲು ಹೊಕ್ಕಿದ್ದು ಅವನ ಮನೆಯನ್ನೇ. ರಾಣಿ ಗ್ವಿನೆವರಳಿಗೆ ಸಜೀವ ದಹನದ ಶಿಕ್ಷೆ! ದೊರೆ ಕಾನೂನನ್ನು ಬಿಡಲಾರ, ಹೆಂಡತಿಯನ್ನು ಸುಡಲಾರ. ಅವನ ಪರಮ ಮಿತ್ರ ಲಾನ್ಸ್‌ಲಾಟನು ಬಂದು ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಆ ಗದ್ದಲದಲ್ಲಿ ನಿರಾಯುಧರಾಗಿ ನಿಂತಿದ್ದ ಇಬ್ಬರು ಸೋದರರು ಅವನ ಕೈಯಿಂದಲೇ ಸಾಯುತ್ತಾರೆ. ಇಲ್ಲಿ ಕೆಟ್ಟವರಷ್ಟೇ ಯುದ್ಧವನ್ನು ತರುವುದಿಲ್ಲ. ಒಳ್ಳೆಯವರ ಪ್ರೀತಿ, ನಿಷ್ಠೆ, ಹಟಗಳೂ ಸೇರಿ ಅದನ್ನು ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಕಾದಂಬರಿಯ ಹಿರಿಮೆ ಇಲ್ಲಿದೆ.

ಕೊನೆಯ ರಾತ್ರಿ ವೃದ್ಧನಾದ ಆರ್ಥರನು ಡೇರೆಯಲ್ಲಿ ಒಬ್ಬನೇ ಕುಳಿತಿದ್ದಾನೆ. ಬೆಳಗಾದರೆ ಮಗನಾದ ಮಾರ್ಡ್ರೆಡ್‌ನೊಡನೆ ಕಾಳಗ. ಟಾಮ್ ಎಂಬ ಪರಿಚಾರಕ ಹುಡುಗನೊಬ್ಬ ತಾನೂ ಕಾದುವೆನೆಂದು ಉತ್ಸಾಹದಿಂದ ಹೇಳುತ್ತಾನೆ. ದೊರೆ ಅವನನ್ನು ತಡೆದು, ದುಂಡುಮೇಜಿನ ಕಥೆಯನ್ನು ವಿವರಿಸಿ, ಅದನ್ನು ಬದುಕಿ ಉಳಿದು ಇತರರಿಗೆ ಹೇಳಬೇಕೆಂದು ಅಪ್ಪಣೆ ಮಾಡಿ ಊರಿಗೆ ಕಳುಹಿಸುತ್ತಾನೆ. ಆ ಹುಡುಗನೇ ಮುಂದೆ ಥಾಮಸ್ ಮ್ಯಾಲರಿಯಾದನೆಂಬುದು ವೈಟನ ಚಮತ್ಕಾರದ ಕಲ್ಪನೆ. ಕಾಳಗದ ವರ್ಣನೆಗೆ ಅವನು ಕೈಹಾಕುವುದೇ ಇಲ್ಲ. ಪುಸ್ತಕ ಅದಕ್ಕೆ ಮುಂಚೆಯೇ ಮುಗಿಯುತ್ತದೆ.