ಎಂ.ಆರ್.ಐ. ಯಂತ್ರದಲ್ಲಿ ಅಂಕಿಗಳು ಹುಟ್ಟುವುದೆಲ್ಲಿ?

ಎಂ.ಆರ್.ಐ. ಸ್ಕ್ಯಾನ್ ಮುಗಿದ ಮೇಲೆ ವೈದ್ಯರ ಮುಂದೆ ಬರುವ ಚಿತ್ರ ಕಂಪ್ಯೂಟರ್ ಲೆಕ್ಕ ಹಾಕಿ ಬರೆದದ್ದು. ಅದರ ಒಂದೊಂದು ಚುಕ್ಕೆಯೂ ಒಂದು ಅಂಕಿ. ಹಾಗಾಗಿ ಈ ಯಂತ್ರ ಅಡಿಯಿಂದ ಮುಡಿಯವರೆಗೆ ಡಿಜಿಟಲ್ ಎಂದು ವಿದ್ಯಾರ್ಥಿಗಳು ತಿಳಿಯುವುದು ಸಹಜ. ಆದರೆ ರೋಗಿಯ ದೇಹಕ್ಕೆ ಅಂಕಿಗಳ ಭಾಷೆ ಬಾರದು. ಅದು ಕೊಡುವುದು ಎಡೆಬಿಡದೆ ಏರಿಳಿಯುವ ಅಲೆಯನ್ನು, ಅಂದರೆ ಅನಲಾಗ್ ಸಂಕೇತವನ್ನು. ಈ ಅಲೆ ಯಾವ ಹಂತದಲ್ಲಿ ಅಂಕಿಗಳಾಗುತ್ತದೆ? ಚಿತ್ರವನ್ನು ಎಷ್ಟು ನಂಬಬಹುದು ಎಂಬುದಕ್ಕೂ ಈ ಪ್ರಶ್ನೆಗೂ ಹತ್ತಿರದ ನಂಟಿದೆ.

ದೇಹದ ನೀರು, ಕೊಬ್ಬುಗಳಲ್ಲಿ ಜಲಜನಕ ಹೇರಳವಾಗಿದೆ. ಬಲವಾದ ಕಾಂತಕ್ಷೇತ್ರದಲ್ಲಿ ಜಲಜನಕದ ಬೀಜಕೇಂದ್ರಗಳು ಬುಗುರಿಯಂತೆ ಓಲಾಡುತ್ತವೆ. ಕ್ಷೇತ್ರದ ಬಲ 1 ಟೆಸ್ಲಾ ಇದ್ದರೆ ಸೆಕೆಂಡಿಗೆ ಸುಮಾರು 42.58 ದಶಲಕ್ಷ ಓಲಾಟ. ಆಸ್ಪತ್ರೆಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಯಂತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್. ಟಿ.ವಿ. ಪ್ರಸಾರ ಅನಲಾಗ್ ಆಗಿದ್ದ ಕಾಲದಲ್ಲಿ ನಾಲ್ಕನೇ ಚಾನೆಲ್ಲಿನ ಜಾಗವೂ ಇದೇ! ಹೊರಗಿನ ಇಂಥ ರೇಡಿಯೋ ಅಲೆಗಳು ಒಳನುಗ್ಗಬಾರದೆಂದೇ ಸ್ಕ್ಯಾನ್ ಕೋಣೆಯ ಗೋಡೆಗಳಿಗೆ ಸಾಮಾನ್ಯವಾಗಿ ತಾಮ್ರದ ಹೊದಿಕೆ ಹಾಕುತ್ತಾರೆ.

ಯಂತ್ರ ಮೊದಲು ಹಲವು ಕಿಲೋವ್ಯಾಟ್ ಶಕ್ತಿಯ ರೇಡಿಯೋ ಸ್ಪಂದವನ್ನು ದೇಹದೊಳಗೆ ಕಳಿಸುತ್ತದೆ. ಪ್ರತಿಯಾಗಿ ಸುರುಳಿಗೆ ಸಿಗುವ ಸಂಕೇತವೋ ಮೈಕ್ರೋವೋಲ್ಟ್‌ಗಳಲ್ಲಿ ಅಳೆಯಬೇಕಾದಷ್ಟು ಕ್ಷೀಣ. ಹಿಂದೆ ಮಾಳಿಗೆಯ ಮೇಲೆ ಆಂಟೆನಾ ಕಟ್ಟಿದವರಿಗೆ ಒಂದು ಸಂಗತಿ ನೆನಪಿರಬಹುದು. ಬೂಸ್ಟರನ್ನು ಟಿ.ವಿ.ಯ ಹಿಂದೆ ಇಟ್ಟರೆ ಪ್ರಯೋಜನ ಕಡಿಮೆ, ಕಂಬದ ತುದಿಯಲ್ಲಿ ಆಂಟೆನಾದ ಪಕ್ಕದಲ್ಲೇ ಇಡಬೇಕು. ಕೇಬಲಿನಲ್ಲಿ ಸೊರಗಿದ ಮೇಲೆ ಹಿಗ್ಗಿಸಿದರೆ ಸಂಕೇತದ ಜೊತೆ ಗದ್ದಲವೂ ಹಿಗ್ಗುತ್ತದೆ. ಎಂ.ಆರ್.ಐ.ಯಲ್ಲೂ ಮೊದಲ ವರ್ಧಕವನ್ನು ಸುರುಳಿಯ ಹತ್ತಿರವೇ ಇಡುವುದು ಇದಕ್ಕಾಗಿ. ಈ ವರ್ಧಕ ಅನಲಾಗ್. ಇಲ್ಲಿ ಕಳೆದುಕೊಂಡದ್ದನ್ನು ಮುಂದೆ ಯಾವ ಕಂಪ್ಯೂಟರೂ ಹುಡುಕಿ ಕೊಡಲಾರದು. ತಮಾಷೆಯೆಂದರೆ, 1.5 ಟೆಸ್ಲಾದಂಥ ಯಂತ್ರಗಳಲ್ಲಿ ಗದ್ದಲದ ಹೆಚ್ಚಿನ ಪಾಲು ಬರುವುದು ವಿದ್ಯುನ್ಮಾನ ಭಾಗಗಳಿಂದಲ್ಲ, ರೋಗಿಯ ಬೆಚ್ಚಗಿನ ದೇಹದಿಂದಲೇ. ಡಿಜಿಟಲ್ ಮಾಡಿದ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ.

ಹಾಗಾದರೆ ಡಿಜಿಟಲ್‌ನಿಂದ ಆದ ಲಾಭವೇನು? ಹಳೆಯ ಯಂತ್ರಗಳಲ್ಲಿ 64 ಮೆಗಾಹರ್ಟ್ಸ್ ಅಲೆಯನ್ನು ಮೊದಲು ಕಡಿಮೆ ಕಂಪನಾಂಕಕ್ಕೆ ಇಳಿಸುತ್ತಿದ್ದರು. ಅದನ್ನು 90 ಡಿಗ್ರಿ ಅಂತರವಿರುವ ಎರಡು ಕವಲುಗಳಾಗಿ ಒಡೆದು, ಪ್ರತಿ ಕವಲಿಗೂ ಬೇರೆ ಬೇರೆ ಅನಲಾಗ್ ಮಂಡಲ ಜೋಡಿಸುತ್ತಿದ್ದರು. ಅಂಕಿಗಳಾಗುವುದು ಆನಂತರ. ಎರಡು ಕವಲುಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರಬೇಕು. ಬಿಸಿಗೆ ಬದಲಾಗುವ, ವಯಸ್ಸಾಗುವ ಬಿಡಿಭಾಗಗಳಲ್ಲಿ ಅದು ಸಾಧ್ಯವೇ? ಒಂದರ ವರ್ಧನೆ ತುಸು ಹೆಚ್ಚಾದರೆ, ಅಥವಾ ಅಂತರ 90 ಡಿಗ್ರಿಯಿಂದ ಸ್ವಲ್ಪ ಜಾರಿದರೆ, ಚಿತ್ರದ ನಡುಬಿಂದುವಿನ ಎದುರು ಬದಿಯಲ್ಲಿ ಮಸುಕಾದ ದೆವ್ವದ ಬಿಂಬ ಮೂಡುತ್ತಿತ್ತು. ಕವಲಿನಲ್ಲಿ ಅಲ್ಪ ನೇರ ವೋಲ್ಟೇಜು ಸೇರಿಕೊಂಡರೆ ಚಿತ್ರದ ನಟ್ಟನಡುವೆ ಒಂದು ಬಿಳಿ ಚುಕ್ಕೆ. ಮೆದುಳಿನ ಚಿತ್ರದಲ್ಲಿ ಕಾಣುವ ಬಿಳಿ ಚುಕ್ಕೆ ರೋಗವೋ ಯಂತ್ರದ ಕುಚೇಷ್ಟೆಯೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ವೇಗದ ಪರಿವರ್ತಕಗಳು ಬಂದ ಮೇಲೆ ಅಲೆಯನ್ನು ಒಡೆಯುವ ಮುಂಚೆಯೇ ಒಂದೇ ಪರಿವರ್ತಕದಿಂದ ಅಂಕಿಗಳಾಗಿ ಮಾಡುವುದು ಸಾಧ್ಯವಾಯಿತು. ಎರಡು ಕವಲುಗಳು ಈಗ ಬರೀ ಗುಣಾಕಾರ. ಗುಣಾಕಾರಕ್ಕೆ ಬಿಸಿಲೂ ಇಲ್ಲ, ಮುಪ್ಪೂ ಇಲ್ಲ. ದೆವ್ವದ ಬಿಂಬ, ನಡುವಿನ ಚುಕ್ಕೆ ಎರಡಕ್ಕೂ ಇದ್ದ ಮುಖ್ಯ ಕಾರಣವೇ ಹೊರಟುಹೋಯಿತು.

ಆದರೆ ಪರಿವರ್ತಕಕ್ಕೂ ಮಿತಿಯಿದೆ. 16 ಬಿಟ್‌ನದಾದರೆ ಅದಕ್ಕೆ ಎಣಿಸಲು ಬರುವುದು 65,536 ಮೆಟ್ಟಿಲುಗಳು ಮಾತ್ರ. ಒಂದೇ ಸ್ಕ್ಯಾನಿನಲ್ಲಿ ಕೆಲವು ಸಂಕೇತಗಳು ಬಲು ಜೋರು, ಅಂಚುಗಳ ಸೂಕ್ಷ್ಮ ವಿವರ ತರುವಂಥವು ತೀರಾ ಮೆಲುದನಿ. ವರ್ಧನೆ ಹೆಚ್ಚಿಟ್ಟರೆ ಜೋರಿನ ಅಲೆಯ ತಲೆ ಕತ್ತರಿಸಿಹೋಗಿ ಚಿತ್ರ ಮಬ್ಬಾಗುತ್ತದೆ. ಕಡಿಮೆ ಇಟ್ಟರೆ, ಬೆಲ್ಲದ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ, ಮೆಲುದನಿ ಮೆಟ್ಟಿಲುಗಳ ನಡುವೆ ಕಳೆದುಹೋಗುತ್ತದೆ. ಸ್ಕ್ಯಾನಿಗೆ ಮುಂಚೆ ಯಂತ್ರ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಟಕಟಕ ಸದ್ದು ಮಾಡುತ್ತದಲ್ಲ, ಆಗ ನಡೆಯುವ ಹೊಂದಾಣಿಕೆಗಳಲ್ಲಿ ಈ ವರ್ಧನೆಯನ್ನು ಗೊತ್ತುಮಾಡುವುದೂ ಒಂದು.

2010ರಲ್ಲಿ ಫಿಲಿಪ್ಸ್ ಕಂಪನಿ ಪರಿಚಯಿಸಿದ ಇಂಜೀನಿಯಾ ಯಂತ್ರದಲ್ಲಿ ಪರಿವರ್ತಕ ರೋಗಿಯ ಮೈಮೇಲಿಡುವ ಸುರುಳಿಯೊಳಗೇ ಬಂದು ಕೂತಿತು. ಅಲ್ಲಿಂದ ಅಂಕಿಗಳು ಗಾಜಿನ ಎಳೆಯಲ್ಲಿ ಬೆಳಕಾಗಿ ಸಾಗುತ್ತವೆ. ದಾರಿಯಲ್ಲಿ ಗದ್ದಲ ಹಿಡಿಯಲು ತಾಮ್ರದ ತಂತಿಯೇ ಇಲ್ಲ. ಕೇಳಲು ಸುಲಭ, ಮಾಡಲು ಕಷ್ಟ. ಅಲ್ಲಿಡುವ ಬಿಡಿಭಾಗಗಳು ಕಾಂತಕ್ಕೆ ಸೆಳೆಯಲ್ಪಡಬಾರದು. ಡಿಜಿಟಲ್ ಗಡಿಯಾರದ ಮಿಡಿತ ಪಕ್ಕದಲ್ಲೇ ಇರುವ ಸೂಕ್ಷ್ಮ ಸುರುಳಿಗೆ ಕೇಳಿಸಲೂಬಾರದು. ಅಲ್ಲೂ ಸುರುಳಿಗೂ ಪರಿವರ್ತಕಕ್ಕೂ ನಡುವೆ ಅದೇ ಹಳೆಯ ಅನಲಾಗ್ ವರ್ಧಕ ಕೂತಿದೆ.